ಅಪಹರಣದ ದೂರು: ವಯಸ್ಸು ಎಷ್ಟು, ಯಾರ ಸುಪರ್ದಿ, ಹೇಗೆ ಕರೆದೊಯ್ದರು?

ಈ ಸಲ ಆರಿಸಿಕೊಂಡ ಪತ್ರಗಳೆಲ್ಲ ಒಂದೇ ಮಾತಿನ ಸುತ್ತ ಇವೆ: ಅಪಹರಣ. ಕಾಲೇಜಿಗೆ ಹೋದ ಮಗಳು ಬರಲಿಲ್ಲ ಎಂದರೂ ಅಪಹರಣ, ಸಾಲಗಾರನನ್ನು ಜೀಪಿಗೆ ಹತ್ತಿಸಿಕೊಂಡು ಹೋದರೂ ಅಪಹರಣ, ಗಂಡ ಮಗುವನ್ನು ಎತ್ತಿಕೊಂಡು ಹೋದರೂ ಅಪಹರಣ. ಪೇಪರಿನಲ್ಲಿ ಹಾಗೆಯೇ ಅಚ್ಚಾಗುತ್ತದೆ. ಕಾನೂನಿನಲ್ಲಿ ಮಾತ್ರ ಇವು ಬೇರೆ ಬೇರೆ. 18 ತುಂಬದವರನ್ನು ಪೋಷಕರ ಸುಪರ್ದಿಯಿಂದ ಒಯ್ಯುವುದು ಕಿಡ್ನ್ಯಾಪಿಂಗ್, ಭಾರತೀಯ ನ್ಯಾಯ ಸಂಹಿತೆಯ ಕಲಂ 137. ಯಾವ ವಯಸ್ಸಿನವರನ್ನಾದರೂ ಬಲವಂತದಿಂದ ಇಲ್ಲವೇ ಮೋಸದಿಂದ ಒಂದು ಜಾಗದಿಂದ ಹೊರಡಿಸುವುದು ಅಬ್ಡಕ್ಷನ್, ಕಲಂ 138. ಹೊಸ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದಕ್ಕೂ ಹಿಂದೆ ನಡೆದ ಘಟನೆಗೆ ಇವತ್ತು ದೂರು ಕೊಟ್ಟರೂ ಹಳೆಯ ಐಪಿಸಿ ಕಲಮುಗಳೇ ಅನ್ವಯಿಸುತ್ತವೆ.

ಪ್ರಶ್ನೆ: ಮಗಳಿಗೆ 16 ವರ್ಷ 8 ತಿಂಗಳು. ಪಿಯು ಕಾಲೇಜಿಗೆ ಹೋದವಳು ಸಂಜೆ ಮನೆಗೆ ಬರಲಿಲ್ಲ. ಪರಿಚಯದ ಹುಡುಗನ ಜೊತೆ ಆಗುಂಬೆ ಮೇಲೆ ಹೋಗುವ ಉಡುಪಿ ಬಸ್ಸು ಹತ್ತಿದ್ದನ್ನು ನೋಡಿದವರಿದ್ದಾರೆ. ಠಾಣೆಗೆ ಹೋದರೆ, ‘ಅವಳಾಗಿಯೇ ಹೋಗಿದ್ದಾಳೆ, ನಾಳೆವರೆಗೆ ನೋಡಿ’ ಎಂದರು. ಇಷ್ಟಪಟ್ಟು ಹೋದರೆ ಕೇಸೇ ಆಗುವುದಿಲ್ಲವೇ?
— ಒಬ್ಬ ತಾಯಿ, ಮಲೆನಾಡು

ಆಗುತ್ತದೆ. ನಾಳೆವರೆಗೆ ಕಾಯಬೇಕೆಂಬ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಮಕ್ಕಳು ಕಾಣೆಯಾದ ದೂರು ಬಂದ ಕೂಡಲೇ ಎಫ್‌ಐಆರ್ ಹಾಕಬೇಕು, ಅಪಹರಣ ಅಥವಾ ಮಾನವ ಕಳ್ಳಸಾಗಣೆ ಆಗಿದೆ ಎಂದೇ ಭಾವಿಸಿ ತನಿಖೆ ಶುರು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಬಚ್‌ಪನ್ ಬಚಾವೋ ಆಂದೋಲನದ ಪ್ರಕರಣದಲ್ಲಿ ಹೇಳಿದೆ. ‘ಮೊದಲು ವಿಚಾರಣೆ ಮಾಡಿ ನೋಡುತ್ತೇವೆ’ ಎನ್ನುವುದಕ್ಕೂ ಇಲ್ಲಿ ದಾರಿಯಿಲ್ಲ. ಹೊಸ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 173(3) ಹದಿನಾಲ್ಕು ದಿನಗಳ ಪ್ರಾಥಮಿಕ ವಿಚಾರಣೆಗೆ ಅವಕಾಶ ಕೊಡುವುದು ಮೂರು ವರ್ಷದಿಂದ ಮೇಲೆ, ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಕಲಂ 137(2)ರ ಶಿಕ್ಷೆ ಏಳು ವರ್ಷದವರೆಗೆ ಇರುವುದರಿಂದ ಅದು ಆ ಗುಂಪಿಗೆ ಸೇರುವುದಿಲ್ಲ.

ಇಷ್ಟಪಟ್ಟು ಹೋದಳು ಎಂಬ ವಿಷಯ. ಈ ಕಲಂ ನೋಡುವುದು ಪೋಷಕರ ಸುಪರ್ದಿಯನ್ನು. 18 ತುಂಬದ ಮಗುವನ್ನು ಪೋಷಕರ ಒಪ್ಪಿಗೆಯಿಲ್ಲದೆ ಕರೆದೊಯ್ದರೆ ಅಥವಾ ಪುಸಲಾಯಿಸಿ ಹೊರಡಿಸಿದರೆ ಅಪರಾಧ ಪೂರ್ತಿಯಾಯಿತು. ಮಗುವಿನ ಒಪ್ಪಿಗೆಗೆ ಬೆಲೆಯಿಲ್ಲ. ‘18 ಆಗಿದೆ ಅಂದುಕೊಂಡಿದ್ದೆ’ ಎಂಬ ಸಮಜಾಯಿಷಿಯೂ ನಿಲ್ಲುವುದಿಲ್ಲ. ಐಪಿಸಿಯಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ಎಂದು ಎರಡು ಗೆರೆಗಳಿದ್ದವು. ಈಗ ಇಬ್ಬರಿಗೂ 18.

ಆದರೂ ಒಂದು ಕಡೆ ಇಂಥ ಕೇಸುಗಳು ಬಿದ್ದುಹೋಗುತ್ತವೆ, ಅದನ್ನು ಈಗಲೇ ತಿಳಿದಿರಿ. ಕರೆದುಕೊಂಡು ಹೋಗುವುದು ಬೇರೆ, ತಾನಾಗಿ ಬಂದವರನ್ನು ಜೊತೆಗೆ ಬರಗೊಡುವುದು ಬೇರೆ ಎಂದು ಸುಪ್ರೀಂ ಕೋರ್ಟ್ 1964ರಲ್ಲಿ ವರದರಾಜನ್ ಪ್ರಕರಣದಲ್ಲಿ ಹೇಳಿತು. ಅಲ್ಲಿ 18ರ ಹತ್ತಿರವಿದ್ದ, ಕಾಲೇಜು ಓದುತ್ತಿದ್ದ ಹುಡುಗಿ ತಾನೇ ಫೋನ್ ಮಾಡಿ ಹುಡುಗನನ್ನು ಬರಹೇಳಿದ್ದಳು, ಅವನು ಬಿಡುಗಡೆಯಾದ. ಆದರೆ ಮೊದಲೇ ಆಸೆ ಹುಟ್ಟಿಸಿ, ‘ಬಾ, ಮದುವೆಯಾಗುತ್ತೇನೆ’ ಎಂದು ಒಪ್ಪಿಸಿದ್ದರೆ ಅದೂ ಪುಸಲಾವಣೆಯೇ ಎಂದು ಆಮೇಲೆ ಹರಿಯಾಣದ ರಾಜಾರಾಂ ಪ್ರಕರಣದಲ್ಲಿ ತೀರ್ಪಾಗಿದೆ. ಆದ್ದರಿಂದ ಅವಳ ಹಳೆಯ ಫೋನ್, ವಾಟ್ಸ್‌ಆ್ಯಪ್ ಸಂದೇಶ, ಇನ್‌ಸ್ಟಾಗ್ರಾಂ ಮಾತುಕತೆ ಯಾವುದನ್ನೂ ಸಿಟ್ಟಿನಲ್ಲಿ ಅಳಿಸಬೇಡಿ. ಸ್ಕ್ರೀನ್‌ಶಾಟ್ ಒಂದೇ ಸಾಲದು. ಸಂದೇಶ ಇರುವ ಫೋನನ್ನೇ ತನಿಖಾಧಿಕಾರಿಗೆ ಕೊಟ್ಟು ರಸೀದಿ ಪಡೆಯಿರಿ. ಡಿಜಿಟಲ್ ದಾಖಲೆಗೆ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ ಬೇಕಾಗುತ್ತದೆ. ಅದಿಲ್ಲವೆಂದು ಒಳ್ಳೆಯ ಸಾಕ್ಷ್ಯವೇ ಕೋರ್ಟಿನಲ್ಲಿ ಮೂಲೆಗೆ ಬೀಳುವುದುಂಟು.

ದೂರಿನಲ್ಲಿ ಏನು ಬರೆಯಬೇಕು ಎಂದು ಹಲವರು ಕೇಳುತ್ತೀರಿ. ದೊಡ್ಡ ಮಾತು ಬೇಡ. ಇಷ್ಟು ಸಾಕು:

‘ನನ್ನ ಮಗಳು, ವಯಸ್ಸು 16 ವರ್ಷ 8 ತಿಂಗಳು, ಇಂಥ ದಿನಾಂಕ ಬೆಳಿಗ್ಗೆ 8.15ಕ್ಕೆ ಕಾಲೇಜಿಗೆಂದು ಮನೆಯಿಂದ ಹೊರಟಳು. ತಿಳಿನೀಲಿ ಚೂಡಿದಾರ, ಕಪ್ಪು ಬ್ಯಾಗ್, ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ಸಂಜೆ 5.30 ಆದರೂ ಬರಲಿಲ್ಲ. 11 ಗಂಟೆ ಸುಮಾರಿಗೆ ಇಂಥ ಬಸ್ ಸ್ಟಾಪಿನಲ್ಲಿ ಇಂಥವನ ಜೊತೆ ಬಸ್ ಹತ್ತಿದ್ದನ್ನು ಇಂಥವರು ನೋಡಿದ್ದಾರೆ. ನಮ್ಮ ಒಪ್ಪಿಗೆ ಇರಲಿಲ್ಲ. ಅವಳ ಮೊಬೈಲ್ ನಂಬರ್, ಅವನ ನಂಬರ್ ಕೆಳಗಿವೆ.’

‘ನಮ್ಮ ಒಪ್ಪಿಗೆ ಇರಲಿಲ್ಲ’ ಎಂಬ ಸಾಲನ್ನು ಬಿಡಬೇಡಿ. ಕಲಂ 137 ನಿಂತಿರುವುದೇ ಅದರ ಮೇಲೆ. ನೋಡದೇ ಇದ್ದದ್ದನ್ನು, ‘ಬಾಯಿ ಮುಚ್ಚಿ ಎಳೆದೊಯ್ದರು’ ಎಂಬಂಥದ್ದನ್ನು ಸೇರಿಸಬೇಡಿ. ನಾಳೆ ಬಸ್ ಸ್ಟಾಪಿನ ಸಿಸಿಟಿವಿಯಲ್ಲಿ ಇಬ್ಬರೂ ಮಾತಾಡುತ್ತ ಹತ್ತುವುದು ಕಂಡರೆ ದೂರಿನ ನಿಜವಾದ ಭಾಗವನ್ನೂ ಯಾರೂ ನಂಬುವುದಿಲ್ಲ. ಸಿಸಿಟಿವಿ ಎಂದ ಮೇಲೆ ಇನ್ನೊಂದು ಮಾತು: ಅಂಗಡಿಯವರ ಡಿವಿಆರ್‌ನಲ್ಲಿ (ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆ) ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತ ಹೋಗುತ್ತದೆ. ಯಾವ ಅಂಗಡಿ, ಯಾವ ಕಡೆಗೆ ಮುಖ ಮಾಡಿದ ಕ್ಯಾಮೆರಾ ಎಂದು ಮೊದಲ ದಿನವೇ ಬರೆದುಕೊಡಿ. ಟವರ್ ಲೊಕೇಶನ್ ಮೇಲೆ ಪೂರ್ತಿ ನೆಚ್ಚಿಕೊಳ್ಳಬೇಡಿ. ಘಟ್ಟದ ನೆತ್ತಿಯ ಒಂದು ಟವರ್ ಎಷ್ಟೋ ಕಿಲೋಮೀಟರು ದೂರದ ಹಳ್ಳಿಯ ಫೋನನ್ನೂ ಹಿಡಿದಿರುತ್ತದೆ. ಸಿಗ್ನಲ್ ಇಲ್ಲದ ಕಣಿವೆಗೆ ಇಳಿದರೆ ಕೊನೆಗೆ ಸಿಕ್ಕ ಟವರೇ ಪರದೆಯ ಮೇಲೆ ಉಳಿದಿರುತ್ತದೆ.

ವಯಸ್ಸಿನ ದಾಖಲೆಗೆ ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೊದಲು. ಅವಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಬಾಲನ್ಯಾಯ ಕಾಯ್ದೆಯ ಕಲಂ 94 ಹಾಕಿಕೊಟ್ಟ ಸರದಿ ಇದು. ಆಧಾರ್ ಕಾರ್ಡನ್ನು ವಯಸ್ಸಿನ ಪುರಾವೆಯಾಗಿ ನೆಚ್ಚುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ.

ಬಸ್ ಉಡುಪಿ ಕಡೆ ಹೋಗಿದ್ದರೆ ‘ಅಲ್ಲಿಯ ಠಾಣೆಗೆ ಹೋಗಿ’ ಎನ್ನುವಂತಿಲ್ಲ. ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಆಗುತ್ತದೆ. ಇ-ಮೇಲಿನಲ್ಲಿ ದೂರು ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆಯಾಗಿ ಕೊಡಬೇಕು. ಕೈಗೆ ಬಂದ ಕೂಡಲೇ ಯಾವ ಕಲಂ ಹಾಕಿದ್ದಾರೆ ಎಂದು ನೋಡಿ. ಬರೀ ‘ಕಾಣೆ’ ಎಂದಿದ್ದರೆ 137(2) ಸೇರಿಸಲು ಬರಹದಲ್ಲಿ ಕೇಳಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಸ್ಪೀಡ್ ಪೋಸ್ಟಿನಲ್ಲಿ ಜಿಲ್ಲಾ ಎಸ್‌ಪಿಗೆ ಕಳಿಸಿ, ಅಂಚೆ ರಸೀದಿ ಇಟ್ಟುಕೊಳ್ಳಿ. ಅಲ್ಲಿಯೂ ಆಗದಿದ್ದರೆ ಬಿಎನ್‌ಎಸ್‌ಎಸ್ ಕಲಂ 175(3)ರಂತೆ ಅಫಿಡವಿಟ್ ಸಹಿತ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ. ಇದರ ನಡುವೆ 112 ಮತ್ತು ಮಕ್ಕಳ ಸಹಾಯವಾಣಿ 1098, ಎರಡಕ್ಕೂ ಫೋನ್ ಮಾಡಿ. ನಾಲ್ಕು ತಿಂಗಳಾದರೂ ಪತ್ತೆಯಾಗದಿದ್ದರೆ ಪ್ರಕರಣವನ್ನು ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಒಪ್ಪಿಸಲು ಕೇಳಿ.

ಸಿಕ್ಕ ಮೇಲೆ ಅವಳನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ, ಮ್ಯಾಜಿಸ್ಟ್ರೇಟರು ಬಿಎನ್‌ಎಸ್‌ಎಸ್ ಕಲಂ 183ರ ಹೇಳಿಕೆ ಪಡೆಯುತ್ತಾರೆ. ಅವಳಿಗೆ ಏನು ಹೇಳಬೇಕೆಂದು ಕಲಿಸಬೇಡಿ, ಹೆದರಿಸಬೇಡಿ. ಮನೆಗೆ ಹೋದರೆ ಹೊಡೆಯುತ್ತಾರೆ ಎಂದು ಅವಳು ಸಮಿತಿಯ ಮುಂದೆ ಹೇಳಿದರೆ ಬಾಲಮಂದಿರಕ್ಕೆ ಕಳಿಸುವ ಅಧಿಕಾರ ಅವರಿಗಿದೆ. ಮೊದಲ ರಾತ್ರಿ ಅವಳಿಗೆ ಬೇಕಾದದ್ದು ಊಟ, ನಿದ್ದೆ, ಯಾರೂ ಪ್ರಶ್ನೆ ಕೇಳದ ಒಂದು ಕೋಣೆ. ಹುಡುಗ ತಾಳಿ ಕಟ್ಟಿದ್ದರೂ ಆ ಮದುವೆ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಮೊದಲಿನಿಂದಲೇ ಅಸಿಂಧು. ದೈಹಿಕ ಸಂಪರ್ಕ ಆಗಿದ್ದರೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಕಲಮುಗಳು ಸೇರುತ್ತವೆ, ಶಿಕ್ಷೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲ.

ಪ್ರಶ್ನೆ: ಮಗಳಿಗೆ 19. ಬೇರೆ ಜಾತಿಯ ಹುಡುಗನ ಜೊತೆ ಹೋಗಿ ರಿಜಿಸ್ಟರ್ ಮದುವೆ ಆಗಿದ್ದಾಳೆ. ಅಪಹರಣದ ದೂರು ಕೊಟ್ಟರೆ ಪೊಲೀಸರು ಕರೆತಂದು ನಮಗೆ ಒಪ್ಪಿಸುತ್ತಾರೆಯೇ? ನಮ್ಮ ಕಡೆಯ ಹುಡುಗರು ತಾವೇ ಹೋಗಿ ಕರೆತರುತ್ತೇವೆ ಎನ್ನುತ್ತಿದ್ದಾರೆ.
— ಸಾಗರ ಕಡೆಯ ತಂದೆ

ಒಪ್ಪಿಸುವುದಿಲ್ಲ. 18 ದಾಟಿದವರಿಗೆ ಕಲಂ 137ರ ಅರ್ಥದಲ್ಲಿ ಪೋಷಕರೇ ಇರುವುದಿಲ್ಲ. ಬಲವಂತ ಅಥವಾ ಮೋಸ ನಡೆದಿದ್ದರೆ ಮಾತ್ರ ಕಲಂ 138ರ ಪ್ರಶ್ನೆ ಬರುತ್ತದೆ. ಮದುವೆಗೆ ಬಲವಂತ ಮಾಡಲೆಂದೇ ಒಯ್ದಿದ್ದರೆ ಕಲಂ 87, ಹತ್ತು ವರ್ಷದವರೆಗೆ ಶಿಕ್ಷೆ. ಕಾಣೆಯಾದ ದೂರು ಕೊಟ್ಟರೆ ಪೊಲೀಸರು ಹುಡುಕುತ್ತಾರೆ, ಅವಳ ಹೇಳಿಕೆ ಪಡೆಯುತ್ತಾರೆ, ‘ಸ್ವಇಚ್ಛೆಯಿಂದ ಇದ್ದೇನೆ’ ಎಂದರೆ ಅಲ್ಲಿಗೆ ಮುಗಿಸುತ್ತಾರೆ. ಹೇಬಿಯಸ್ ಕಾರ್ಪಸ್ (ವ್ಯಕ್ತಿಯನ್ನು ಕೋರ್ಟಿನ ಮುಂದೆ ತರಿಸಿ ಎಂದು ಕೇಳುವ ಅರ್ಜಿ) ಹಾಕಿದರೂ ಹೈಕೋರ್ಟ್ ಕೇಳುವುದು ಅವಳನ್ನೇ. ಸುಪ್ರೀಂ ಕೋರ್ಟ್ 2006ರ ಲತಾ ಸಿಂಗ್ ಪ್ರಕರಣದಿಂದ 2018ರ ಹಾದಿಯಾ ಪ್ರಕರಣದವರೆಗೆ ಇದನ್ನೇ ಹೇಳುತ್ತ ಬಂದಿದೆ.

ಈಗ ನಿಮ್ಮ ಕಡೆಯ ಹುಡುಗರ ಮಾತು. ದಯವಿಟ್ಟು ಇವತ್ತೇ ಅವರನ್ನು ತಡೆಯಿರಿ. ಅವಳಿಗೆ ಇಷ್ಟವಿಲ್ಲದೆ ಕಾರಿಗೆ ಹತ್ತಿಸಿದ ಕ್ಷಣಕ್ಕೆ ಅಬ್ಡಕ್ಷನ್ ಮಾಡಿದವರು ನೀವಾಗುತ್ತೀರಿ. ಯಾರಿಗೂ ತಿಳಿಯದ ಹಾಗೆ ನೆಂಟರ ಮನೆಯಲ್ಲಿ ಕೂಡಿಟ್ಟರೆ ಕಲಂ 140(3), ಏಳು ವರ್ಷದವರೆಗೆ. ಬೇರೆ ಗಂಡಿಗೆ ಕಟ್ಟಲು ಹೊರಟರೆ ಅದೇ ಕಲಂ 87. ಹೆತ್ತವರು ಎಂಬುದು ಇಲ್ಲಿ ರಕ್ಷಣೆ ಅಲ್ಲ. ವಯಸ್ಸು 17 ಎಂದು ಬರೆದು ದೂರು ಕೊಡುವ ಯೋಚನೆಯನ್ನೂ ಬಿಡಿ. ಅಂಕಪಟ್ಟಿ ಬಂದ ದಿನ ಸುಳ್ಳು ಹೊರಬರುತ್ತದೆ, ಸುಳ್ಳು ಆರೋಪಕ್ಕೆ ಕಲಂ 248 ಇದೆ. ಅವಳ ಕ್ಷೇಮದ ಬಗ್ಗೆ ನಿಜವಾದ ಆತಂಕ ಇದ್ದರೆ, ಮಹಿಳಾ ಠಾಣೆಯಲ್ಲಿ ಅಧಿಕಾರಿಯ ಸಮ್ಮುಖದಲ್ಲಿ ಒಮ್ಮೆ ಮಾತಾಡಿಸಿ ಎಂದು ಕೇಳಿಕೊಳ್ಳಬಹುದು. ಬರಲು ಒಪ್ಪುವುದು ಬಿಡುವುದು ಅವಳಿಗೆ ಬಿಟ್ಟದ್ದು.

ಪ್ರಶ್ನೆ: ತೋಟದ ಫಸಲನ್ನು ಚೇಣಿಗೆ (ಫಸಲು ಗುತ್ತಿಗೆಗೆ) ಕೊಟ್ಟು ಮುಂಗಡ ಪಡೆದಿದ್ದೆವು. ಕೊಳೆ ರೋಗ ಬಂದು ಅರ್ಧ ಅಡಿಕೆ ಉದುರಿತು. ಬಾಕಿ ಹಣಕ್ಕೆಂದು ಚೇಣಿದಾರ ಮತ್ತು ಮೂವರು ನಮ್ಮ ಅಣ್ಣನನ್ನು ಪೇಟೆಯಲ್ಲಿ ಜೀಪಿಗೆ ಹತ್ತಿಸಿಕೊಂಡು ಹೋಗಿ, ಗೋದಾಮಿನಲ್ಲಿ ರಾತ್ರಿಯಿಡೀ ಕೂರಿಸಿ, ಖಾಲಿ ಚೆಕ್ ಮತ್ತು ಬಾಂಡ್ ಪೇಪರಿಗೆ ಸಹಿ ಹಾಕಿಸಿಕೊಂಡರು. ಹಣ ಕೊಡಬೇಕಾದ್ದು ನಿಜ. ಹಾಗಿದ್ದರೆ ನಾವು ದೂರು ಕೊಡಬಹುದೇ?
— ಹೊಸನಗರ ತಾಲ್ಲೂಕಿನ ಬೆಳೆಗಾರರು

ಕೊಡಬಹುದು. ಬಾಕಿ ಇದೆ ಎಂಬುದು ಮನುಷ್ಯನನ್ನು ಎತ್ತಿಕೊಂಡು ಹೋಗಲು ಪರವಾನಗಿಯಲ್ಲ. ಬಾಕಿ ವಸೂಲಿಗೆ ಸಿವಿಲ್ ಕೋರ್ಟಿದೆ.

ಆದರೆ ದೂರು ಬರೆಯುವಾಗ ಒಂದು ಎಚ್ಚರ ಬೇಕು. ಕಲಂ 138 ಅಬ್ಡಕ್ಷನ್ ಎಂದರೇನು ಎಂದು ಹೇಳುತ್ತದೆಯೇ ಹೊರತು ಅದಕ್ಕೆ ಶಿಕ್ಷೆ ಹೇಳುವುದಿಲ್ಲ. ಶಿಕ್ಷೆ ಬರುವುದು ಏತಕ್ಕಾಗಿ ಎತ್ತಿಕೊಂಡು ಹೋದರು ಎಂಬುದರಿಂದ. ಆದ್ದರಿಂದ ‘ಅಪಹರಿಸಿದರು’ ಎಂಬ ಒಂದೇ ಪದಕ್ಕೆ ನಿಲ್ಲಿಸಬೇಡಿ. ಜೀಪಿಗೆ ಹೇಗೆ ಹತ್ತಿಸಿದರು — ತೋಳು ಹಿಡಿದರೇ, ‘ಲೆಕ್ಕ ನೋಡೋಣ ಬಾ’ ಎಂದು ನಂಬಿಸಿದರೇ. ಎಷ್ಟು ಗಂಟೆಗೆ ಗೋದಾಮಿಗೆ ತಂದರು, ಬಾಗಿಲು ಹೊರಗಿಂದ ಹಾಕಿತ್ತೇ, ಫೋನ್ ಕಿತ್ತುಕೊಂಡರೇ, ಎಷ್ಟು ಹೊತ್ತಿಗೆ ಬಿಟ್ಟರು. ಸಹಿಗೆ ಮುಂಚೆ ಆಡಿದ ಬೆದರಿಕೆಯ ಮಾತನ್ನು ಆಡಿದ ಹಾಗೆಯೇ ಬರೆಯಿರಿ. ಕೂಡಿಹಾಕಿದ್ದಕ್ಕೆ ಕಲಂ 127, ಗುಟ್ಟಾಗಿ ಕೂಡಿಡಲೆಂದೇ ಒಯ್ದಿದ್ದರೆ 140(3), ಬೆದರಿಸಿ ಚೆಕ್ ಮತ್ತು ಪತ್ರ ಕಸಿದಿದ್ದಕ್ಕೆ ಸುಲಿಗೆಯ ಕಲಂ 308. ‘ಸಹಿ ಹಾಕದಿದ್ದರೆ ಜೀವ ತೆಗೆಯುತ್ತೇವೆ’ ಎಂದಿದ್ದರೆ ಕಲಂ 140(2)ರವರೆಗೂ ಹೋಗಬಹುದು. ಅದರ ಶಿಕ್ಷೆ ಜೀವಾವಧಿ ಅಥವಾ ಮರಣದಂಡನೆ. ಹಾಗೆಂದು ಇಲ್ಲದ ಬೆದರಿಕೆಯನ್ನು ಇತ್ತೆಂದು ಬರೆದರೆ ಇಡೀ ಕೇಸು ಅಲುಗಾಡುತ್ತದೆ.

ಚೆಕ್ಕಿನ ವಿಷಯದಲ್ಲಿ ತಡ ಮಾಡಬೇಡಿ. ಬ್ಯಾಂಕಿಗೆ ಬೆಳಿಗ್ಗೆಯೇ ಚೆಕ್ ನಂಬರ್ ಕೊಟ್ಟು ಪಾವತಿ ತಡೆಸಿ, ಕಾರಣ ‘ಬಲವಂತದಿಂದ ಸಹಿ’ ಎಂದೇ ಬರೆಯಿರಿ. ಆಮೇಲೂ ಅವರು ಚೆಕ್ ಬೌನ್ಸ್ ಕೇಸು ಹಾಕಬಹುದು. ಅದೂ ಕಲಂ 138, ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯದು. ನಂಬರ್ ಒಂದೇ ಇರುವುದರಿಂದ ಜನ ಗಲಿಬಿಲಿಯಾಗುತ್ತಾರೆ. ಆ ಕೇಸಿನಲ್ಲಿ ನಿಮ್ಮನ್ನು ಕಾಯುವುದು ಬ್ಯಾಂಕಿಗೆ ಕೊಟ್ಟ ಪತ್ರದ ದಿನಾಂಕ ಮತ್ತು ಎಫ್‌ಐಆರ್ ದಿನಾಂಕ. ನೋಟಿಸ್ ಬಂದ ಮೇಲೆ, ಮೂರು ತಿಂಗಳು ಕಳೆದು, ‘ಅವತ್ತು ಎಳೆದೊಯ್ದಿದ್ದರು’ ಎಂದರೆ ನಂಬಿಸುವುದು ಬಹಳ ಕಷ್ಟ. ಮೈಮೇಲೆ ಪೆಟ್ಟಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಪೊಲೀಸ್ ಕೇಸಿಗಾಗಿ ವೈದ್ಯರು ಮಾಡುವ ಗಾಯದ ದಾಖಲೆ) ಮಾಡಿಸಿ. ಬಾಕಿ ಇಲ್ಲವೇ ಇಲ್ಲ ಎಂದು ದೂರಿನಲ್ಲಿ ಬರೆಯಬೇಡಿ. ಇರುವ ಬಾಕಿಯನ್ನು ಒಪ್ಪಿಕೊಂಡು, ಉದುರಿದ ಅಡಿಕೆಯ ಲೆಕ್ಕವನ್ನೂ ಹೇಳಿ.

ಪ್ರಶ್ನೆ: ಗಂಡನಿಂದ ದೂರವಾಗಿ ತವರಿನಲ್ಲಿದ್ದೇನೆ. ನಾಲ್ಕು ವರ್ಷದ ಮಗನನ್ನು ಅಂಗನವಾಡಿಯಿಂದ ಗಂಡ ಕರೆದುಕೊಂಡು ಹೋಗಿದ್ದಾರೆ. ಕಿಡ್ನ್ಯಾಪ್ ಕೇಸ್ ಹಾಕಬಹುದೇ?
— ಭದ್ರಾವತಿ

ಮಗು ನಿಮ್ಮ ವಶದಲ್ಲಿರಬೇಕೆಂದು ಕೋರ್ಟಿನ ಆದೇಶ ಇಲ್ಲದಿದ್ದರೆ ಕಷ್ಟ. ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆ, 1956ರ ಕಲಂ 6 ತಂದೆಯನ್ನೂ ಸಹಜ ಪೋಷಕ ಎನ್ನುತ್ತದೆ. ಪೋಷಕನೇ ಒಯ್ದರೆ ಕಲಂ 137 ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಅದೇ 1956ರ ಕಾಯ್ದೆಯ ಕಲಂ 6, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದೂ ಹೇಳುತ್ತದೆ. ನಿಮ್ಮ ಬಲ ಅದು. ಮಗನಿಗೆ ಈಗ ನಾಲ್ಕು. ಠಾಣೆಗೆ ಅಲೆಯುತ್ತ ವರ್ಷ ಕಳೆದರೆ ಆ ಬಲವೇ ಕಡಿಮೆಯಾಗುತ್ತದೆ. ಕೂಡಲೇ ಕೌಟುಂಬಿಕ ನ್ಯಾಯಾಲಯದಲ್ಲಿ ಸುಪರ್ದಿ ಅರ್ಜಿ ಹಾಕಿ, ಅದರ ಜೊತೆಗೇ ಮಧ್ಯಂತರ ಅರ್ಜಿಯನ್ನೂ ಕೊಡಿ. ಮಗು ಎಲ್ಲಿದೆ ಎಂದೇ ತಿಳಿಯದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಹಾಕಬಹುದು. ಶಿವಮೊಗ್ಗ ಜಿಲ್ಲೆಯವರಿಗೆ ಬೆಂಗಳೂರಿನ ಪ್ರಧಾನ ಪೀಠ. ವಕೀಲರ ಫೀಸಿಗೆ ಹೆದರಬೇಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ಮಗು ವಾಪಸ್ ಬಂದ ಮೇಲೆ ಆದೇಶದ ಪ್ರತಿಯನ್ನು ಅಂಗನವಾಡಿಗೂ ಕೊಟ್ಟಿಡಿ. ಆದೇಶ ಆದ ಮೇಲೂ ತಂದೆ ಒಯ್ದರೆ ವಿಷಯ ಪೂರ್ತಿ ಬೇರೆ.

ಪ್ರಶ್ನೆ: ಅಡಿಕೆ ಸುಗ್ಗಿಗೆಂದು ಮೇಸ್ತ್ರಿಯೊಬ್ಬ ಪಕ್ಕದ ಮನೆಯ 17ರ ಹುಡುಗನನ್ನು ಕರೆದುಕೊಂಡು ಹೋಗಿದ್ದಾನೆ. ಮನೆಯವರಿಗೆ ಐದು ಸಾವಿರ ಕೊಟ್ಟಿದ್ದನಂತೆ. ಈಗ ಹುಡುಗನ ಫೋನ್ ಸಿಗುತ್ತಿಲ್ಲ. ಒಪ್ಪಿ ಕಳಿಸಿದ ಮೇಲೆ ಇದು ಅಪಹರಣವೇ?
— ಕೊಪ್ಪ

ಒಪ್ಪಿ ಕಳಿಸಿದ್ದರಿಂದ ಕಲಂ 137 ನೇರವಾಗಿ ಬರುವುದಿಲ್ಲ. ಆದರೆ ಹೇಳಿದ್ದು ಒಂದು ಊರು, ಒಯ್ದದ್ದು ಇನ್ನೊಂದು, ಕೂಲಿ ಕೊಡದೆ ಮುಂಗಡಕ್ಕೆ ಕಟ್ಟಿಹಾಕಿ ದುಡಿಸುತ್ತಿದ್ದಾರೆ ಎಂದಾದರೆ ಮೋಸದಿಂದ ಹೊರಡಿಸಿದ್ದಕ್ಕೆ ಕಲಂ 138, ಶೋಷಣೆಗಾಗಿ ಸಾಗಿಸಿದ್ದಕ್ಕೆ ಕಲಂ 143, ಜೀತ ಪದ್ಧತಿ ನಿಷೇಧ ಕಾಯ್ದೆ, ಎಲ್ಲವೂ ಬರುತ್ತವೆ. ಸಾಗಣೆಯ ಕಲಮಿನಲ್ಲಿ ಬಲಿಯಾದವರ ಒಪ್ಪಿಗೆ ಲೆಕ್ಕಕ್ಕಿಲ್ಲ, ಬಲಿಯಾದವರು ಮಗುವಾದರೆ ಶಿಕ್ಷೆ ಹತ್ತು ವರ್ಷದಿಂದ ಶುರು. ಐದು ಸಾವಿರ ಪಡೆದದ್ದಕ್ಕೆ ಮನೆಯವರು ಹೆದರಿ ಬಾಯಿ ಮುಚ್ಚಿರಬಹುದು. ದೂರನ್ನು ಅವರೇ ಕೊಡಬೇಕೆಂದಿಲ್ಲ, ನೀವೂ ಕೊಡಬಹುದು. 1098ಕ್ಕೆ ಫೋನ್ ಮಾಡಿ ಮೇಸ್ತ್ರಿಯ ನಂಬರ್, ಹೋದ ವಾಹನ, ಹೊರಟ ದಿನ ಹೇಳಿ.

ಪ್ರಶ್ನೆ: ಅಪಹರಣದ ಆರೋಪಿ ಮರುದಿನವೇ ಜಾಮೀನಿನ ಮೇಲೆ ಹೊರಗೆ ಬಂದ. ಲಂಚ ನಡೆದಿದೆಯೇ?
— ಶಿವಮೊಗ್ಗ

ಹಾಗೆ ಅಂದುಕೊಳ್ಳಬೇಕಿಲ್ಲ. ಏಳು ವರ್ಷದ ಶಿಕ್ಷೆಯಿದ್ದರೂ ಕಲಂ 137(2) ಜಾಮೀನು ಕೊಡಲೇಬೇಕಾದ ಅಪರಾಧಗಳ ಪಟ್ಟಿಯಲ್ಲಿದೆ. ಪೋಕ್ಸೊ, ಕಲಂ 87 ಅಥವಾ 140 ಸೇರಿದ್ದರೆ ಹಾಗಲ್ಲ. ಆದ್ದರಿಂದಲೇ ನಡೆದದ್ದನ್ನೆಲ್ಲ ಮೊದಲ ದೂರಿನಲ್ಲೇ ಹೇಳಿ ಎನ್ನುವುದು. ಹೊರಬಂದವನು ಬೆದರಿಸಿದರೆ ಅದಕ್ಕೆ ಪ್ರತ್ಯೇಕ ದೂರು ಕೊಟ್ಟು, ಜಾಮೀನು ರದ್ದತಿಗೆ ಸೆಷನ್ಸ್ ಕೋರ್ಟಿಗೆ ಹೋಗಬಹುದು. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ನಿಮಗೆ ತಿಳಿಸುವುದು ಪೊಲೀಸರ ಕರ್ತವ್ಯ.

ಪ್ರಶ್ನೆ: ಹಣ ಕೇಳದಿದ್ದರೆ ಒತ್ತೆಯ ಕಲಂ ಬರುವುದಿಲ್ಲವೇ? ‘ನಿಮ್ಮ ಮಗ ನಮ್ಮ ಹತ್ತಿರ ಇದ್ದಾನೆ’ ಎಂದು ಫೋನ್ ಬಂದರೆ ಏನು ಮಾಡಬೇಕು?
— ಶಿಕಾರಿಪುರ

ಹಣವೇ ಆಗಬೇಕೆಂದಿಲ್ಲ. ಏನನ್ನಾದರೂ ಮಾಡಿಸಲು ಅಥವಾ ಮಾಡದಂತೆ ತಡೆಯಲು ಒತ್ತೆಯಿಟ್ಟರೂ ಕಲಂ 140(2) ಬರುತ್ತದೆ; ಸರ್ಕಾರದ ಮುಂದಿಟ್ಟ ಬೇಡಿಕೆಯೂ ಅದರೊಳಗೆ ಸೇರುತ್ತದೆ. 2000ದ ಜುಲೈ 30ರಂದು ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಒಯ್ದು 108 ದಿನ ಕಾಡಿನಲ್ಲಿಟ್ಟುಕೊಂಡು ಎರಡು ಸರ್ಕಾರಗಳ ಮುಂದೆ ಬೇಡಿಕೆ ಇಟ್ಟದ್ದು ನೆನಪಿರಬಹುದು. (ಅದು ತಮಿಳುನಾಡು ಗಡಿಯ ಗಾಜನೂರು, ನಮ್ಮ ತುಂಗಾ ಅಣೆಕಟ್ಟೆಯ ಗಾಜನೂರಲ್ಲ.) ಆದರೆ ಎತ್ತಿಕೊಂಡು ಹೋಗಿ ಹಣ ಕೇಳಿದರಷ್ಟೇ ಸಾಲದು. ಜೀವಕ್ಕೆ ಅಥವಾ ಮೈಗೆ ಅಪಾಯ ಮಾಡುವ ಬೆದರಿಕೆ, ಇಲ್ಲವೇ ಹಾಗೆ ಭಯ ಹುಟ್ಟಿಸುವ ನಡವಳಿಕೆ ಇತ್ತೆಂದು ಸಾಬೀತಾಗಬೇಕು. ತೆಲಂಗಾಣದ ಶೇಖ್ ಅಹ್ಮದ್ ಪ್ರಕರಣದಲ್ಲಿ 2021ರಲ್ಲಿ ಅದು ಸಾಬೀತಾಗದೆ ಶಿಕ್ಷೆ ಜೀವಾವಧಿಯಿಂದ ಏಳು ವರ್ಷಕ್ಕೆ ಇಳಿಯಿತು. ಆದ್ದರಿಂದ ಫೋನ್ ಬಂದರೆ ಕರೆ ರೆಕಾರ್ಡ್ ಮಾಡಿ. ಆಡಿದ ಮಾತು, ಹಿಂದೆ ಕೇಳಿದ ಸದ್ದು, ಗಂಟೆ ನಿಮಿಷ ಬರೆದಿಡಿ. ಮಗನ ಜೊತೆ ಮಾತಾಡಿಸಿ ಎನ್ನಿ. ಅಷ್ಟರಲ್ಲಿ ಮನೆಯಲ್ಲಿ ಇನ್ನೊಬ್ಬರು ಬೇರೆ ಫೋನಿನಿಂದ ಮಗನಿಗೆ, ಹಾಸ್ಟೆಲಿಗೆ, ಅವನ ಗೆಳೆಯರಿಗೆ ಕರೆ ಮಾಡಲಿ. ಮಗ ತರಗತಿಯಲ್ಲೇ ಕೂತಿರುತ್ತಾನೆ, ಕರೆ ಮಾಡಿದವನು ಸೈಬರ್ ವಂಚಕ. ಹೀಗಾಗುವುದೂ ಈಗ ಉಂಟು. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಮಗ ನಿಜವಾಗಿ ಸಿಗದಿದ್ದರೆ ತಡ ಮಾಡದೆ 112ಕ್ಕೆ.

ಪ್ರಶ್ನೆ: ಜಾತ್ರೆಯಲ್ಲಿ ಅಳುತ್ತಿದ್ದ ಮಗುವನ್ನು ಮನೆಗೆ ಕರೆತಂದು ಊಟ ಹಾಕಿ ಮಲಗಿಸಿದೆವು. ಬೆಳಿಗ್ಗೆ ನಮ್ಮ ಮೇಲೆಯೇ ಅಪಹರಣದ ಮಾತು ಬಂತು.
— ಸೊರಬ

ಒಳ್ಳೆಯ ಮನಸ್ಸಿನಿಂದ ಮಾಡಿದ್ದೀರಿ, ಒಂದು ಹೆಜ್ಜೆ ಬಿಟ್ಟುಹೋಗಿದೆ. ತಪ್ಪಿಸಿಕೊಂಡ ಮಗು ಸಿಕ್ಕಿದರೆ 24 ಗಂಟೆಯೊಳಗೆ ಪೊಲೀಸರಿಗೆ, 1098ಕ್ಕೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಬಾಲನ್ಯಾಯ ಕಾಯ್ದೆಯ ಕಲಂ 32 ಅದನ್ನು ಕಡ್ಡಾಯ ಮಾಡಿದೆ, ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರ ದಂಡ. ನಿಮಗೆ ಇನ್ನೂ 24 ಗಂಟೆ ದಾಟಿಲ್ಲ. ಈಗಲೇ ಫೋನ್ ಮಾಡಿ, ಕರೆ ಮಾಡಿದ ಹೊತ್ತನ್ನು ಗುರುತು ಹಾಕಿಕೊಳ್ಳಿ, ಮಗುವನ್ನು ಠಾಣೆಗೆ ಕರೆದೊಯ್ಯುವಾಗ ಊರಿನ ಇಬ್ಬರನ್ನು ಜೊತೆಗಿಟ್ಟುಕೊಳ್ಳಿ. ಮುಂದಿನ ಸಲ ಜಾತ್ರೆಯ ಮೈಕಿನಲ್ಲಿ ಕೂಗಿಸುವಾಗ ಮಗುವಿನ ಬಟ್ಟೆಯ ಬಣ್ಣ ಹೇಳಿಸಬೇಡಿ. ‘ಮಗು ಸಿಕ್ಕಿದೆ, ಮನೆಯವರು ಬನ್ನಿ’ ಎಂದಷ್ಟೇ ಕೂಗಿಸಿ. ಬಂದವರನ್ನು ಬಟ್ಟೆ ಯಾವುದಿತ್ತು ಎಂದು ಕೇಳಿ, ಪೊಲೀಸರ ಎದುರೇ ಒಪ್ಪಿಸಿ.